ಹೋಟೆಲಿಗೆ ಹೋದ ಪಂದಿ, ಮನೆಗೆ ಬಂದ ಪರೋಟ

ಬೆಂಗಳೂರಿನಿಂದ ನೆಂಟರು ಬಂದರೆ ಮಡಿಕೇರಿಯಲ್ಲಿ ಕಾರು ಇಳಿಯುವ ಮೊದಲೇ ಕೇಳುತ್ತಾರೆ: "ಇಲ್ಲಿ ಒಳ್ಳೆ ಪಂದಿ ಕರಿ ಯಾವ ಹೋಟೆಲಲ್ಲಿ ಸಿಗುತ್ತೆ?" ಪಂದಿ ಅಂದರೆ ಕೊಡವ ಮಾತಿನಲ್ಲಿ ಹಂದಿ. ನಮ್ಮಪ್ಪನಿಗೆ ಈ ಪ್ರಶ್ನೆ ಅರ್ಥವೇ ಆಗುತ್ತಿರಲಿಲ್ಲ. "ಪಂದಿ ತಿನ್ನೋಕೆ ಹೋಟೆಲಿಗೆ ಯಾಕೆ ಹೋಗ್ಬೇಕು ಮಾರಾಯ? ಮನೆಗೆ ಬಾ" ಅನ್ನುತ್ತಿದ್ದರು. ಹೋಟೆಲಿಗೆ ಹೋಗುವುದು ಮಸಾಲೆ ದೋಸೆಗೆ, ಅಷ್ಟೇ. ಮನೆಯಲ್ಲಿ ಕೂಡಿಬರದ್ದನ್ನು ತಿನ್ನಲು ದುಡ್ಡು ಕೊಡಬಹುದು, ಮನೆಯಲ್ಲಿ ಇರುವುದಕ್ಕೆ ಯಾಕೆ ಕೊಡಬೇಕು ಅನ್ನುವುದು ಅವರ ಲೆಕ್ಕ.

ಈಗ ಮಡಿಕೇರಿ ಪೇಟೆಯಲ್ಲಿ ನಡೆದರೆ ನಾಲ್ಕು ಹೆಜ್ಜೆಗೊಂದು 'ಕೂರ್ಗ್ ಸ್ಪೆಷಲ್' ಬೋರ್ಡು. ಪಂದಿ ಕರಿ, ಅದರ ಜೊತೆಗೆ ಅಕ್ಕಿಯ ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು, ಕಳಲೆಯ ಬೈಂಬಳೆ ಕರಿ. ಅದೇ ಹೊತ್ತಿಗೆ ಊರಿನವರ ಮನೆ ಗೇಟಿಗೆ ಬರುವ ಪಾರ್ಸೆಲ್ ಬಿಚ್ಚಿ ನೋಡಿ: ಪರೋಟ, ಬಿರಿಯಾನಿ, ಗೋಬಿ ಮಂಚೂರಿ. ಪ್ರವಾಸಿಗಳು ನಮ್ಮ ಮನೆ ಊಟವನ್ನು ಹೋಟೆಲಲ್ಲಿ ತಿನ್ನುತ್ತಿದ್ದಾರೆ, ನಾವು ಹೋಟೆಲ್ ಊಟವನ್ನು ಮನೆಯಲ್ಲಿ ತಿನ್ನುತ್ತಿದ್ದೇವೆ. ಇದೊಂದು ತಮಾಷೆಯ ಅದಲುಬದಲು. ಆದರೆ ಸುಮ್ನೆ ಆದದ್ದಲ್ಲ.

ಕೊಡಗಿಗೆ ಇವತ್ತಿಗೂ ರೈಲಿಲ್ಲ. ಹಾಗಾಗಿ ಇಲ್ಲಿ ಹೋಟೆಲ್ ಹುಟ್ಟಿದ್ದು ಬಸ್ ನಿಲ್ಲುವ ಕಡೆ, ಸಂತೆ ಸೇರುವ ಕಡೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಅಲ್ಲಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಇನ್ನೂ 140ರ ಹತ್ತಿರ. ಇಷ್ಟು ದೂರದ ದಾರಿಯಲ್ಲಿ ಡ್ರೈವರ್‌ಗೆ ಟೀ ಬೇಕು, ಪ್ರಯಾಣಿಕರಿಗೆ ತಿಂಡಿ ಬೇಕು. ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿಯ ಹಳೇ ಹೋಟೆಲುಗಳು ರಸ್ತೆಗೆ ಅಂಟಿಕೊಂಡೇ ಇರುವುದು ಅದಕ್ಕೇ.

ಇನ್ನೊಂದು ಕಾರಣ ಕಾಫಿ ತೋಟ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಎಸ್ಟೇಟ್ ಶುರು ಮಾಡಿದ. ಮೈಸೂರು, ಮಲಬಾರ್, ತಮಿಳುನಾಡಿನ ಕಡೆಯಿಂದ ಕೂಲಿಯವರು ಬಂದರು, ಅವರಿಗೆ ಲೈನ್ ಮನೆಗಳು, ಅಂದರೆ ಸಾಲು ಮನೆಗಳು, ಎದ್ದವು. ವಾರಕ್ಕೊಮ್ಮೆ ಬಟವಾಡೆ, ಬಟವಾಡೆಯ ಬೆನ್ನಿಗೇ ಸಂತೆ. ಸಂತೆ ಇಲ್ಲಿ ಎಷ್ಟು ಮುಖ್ಯ ಅಂದರೆ ಊರಿನ ಹೆಸರೇ ವಾರದ ಹೆಸರು: ಸೋಮವಾರಪೇಟೆ, ಶನಿವಾರಸಂತೆ. ಮಡಿಕೇರಿಯದ್ದು ಶುಕ್ರವಾರ. ಬಟವಾಡೆ ಆದವನ ಕೈಯಲ್ಲಿ ಚಿಲ್ಲರೆ ಇರುತ್ತದೆ, ಹಸಿವೂ ಇರುತ್ತದೆ. ದೊರೆಗಳಿಗೆ ಪಾಲಿಬೆಟ್ಟದ ಬ್ಯಾಂಬೂ ಕ್ಲಬ್‌ನಂಥ ಜಾಗಗಳಿದ್ದವು. ಉಳಿದವರಿಗೆ ಸಂತೆ ಬೀದಿಯ ಹೋಟೆಲು.

ಆ ಹೋಟೆಲುಗಳನ್ನು ನಡೆಸಿದವರು ಯಾರು ಅನ್ನುವುದರಲ್ಲೇ ಕತೆಯ ಅರ್ಧ ಭಾಗ ಇದೆ. ಘಾಟಿಯ ಕೆಳಗಿನಿಂದ ಬಂದ ಭಟ್ಟರು ಒಂದು ಕಡೆ: ಇಡ್ಲಿ, ದೋಸೆ, ಗೋಳಿಬಜೆ, ಕಾಫಿ. ಕೇರಳ ಗಡಿಯ ಮಾಕುಟ್ಟ ದಾಟಿ ಬಂದ ಮಲಯಾಳಿ ಮುಸ್ಲಿಮರು ಇನ್ನೊಂದು ಕಡೆ: ಪುಟ್ಟು ಕಡಲೆ, ಪರೋಟ, ಕೋಳಿ, ಮೀನು, ಕಡಕ್ ಚಾಯ. ಭಟ್ಟರ ಹೋಟೆಲಿನಲ್ಲಿ ಮಾಂಸವೇ ಇಲ್ಲ. ಕಾಕ ಅಂತ ನಾವು ಕರೆಯುವ ಮಲಯಾಳಿ ಮುಸ್ಲಿಮರ ಹೋಟೆಲಿನಲ್ಲಿ ಹಂದಿ ಇಲ್ಲ. ಕೊಡಗಿನಲ್ಲಿ ಹೊರಗೆ ತಿನ್ನುವ ಅಭ್ಯಾಸ ಬೆಳೆದದ್ದು ಈ ಎರಡು ಅಡುಗೆಮನೆಗಳಲ್ಲಿ. ಎರಡರಲ್ಲೂ ಪಂದಿ ಕರಿಗೆ ಜಾಗವೇ ಇರಲಿಲ್ಲ.

ನಾನು ಕಂಡ ಶುಕ್ರವಾರಗಳಲ್ಲಿ ನಡೆಯುತ್ತಿದ್ದದ್ದು ಹೀಗೆ. ಸಂತೆ ಚೀಲವನ್ನು ಮೇಜಿನ ಕಾಲಿಗೆ ಒರಗಿಸಿಟ್ಟು ಕೂರುವುದು. ಕೊಡೆಯನ್ನು ಬಾಗಿಲ ಹತ್ತಿರದ ಬಕೆಟ್‌ನಲ್ಲಿ ನಿಲ್ಲಿಸುವುದು. ಮಳೆಗಾಲದಲ್ಲಿ ಆ ಬಕೆಟ್ ತುಂಬ ಕಪ್ಪು ಕೊಡೆಗಳೇ, ಯಾರದ್ದು ಯಾವುದೋ ದೇವರೇ ಬಲ್ಲ. ಭಟ್ಟರ ಮಾಣಿ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿ, "ಎಂತ ಬೇಕು?" ಅಂತ ಕೇಳಿ, ಉತ್ತರ ಬರುವ ಮೊದಲೇ ಒಳಗೆ ಕೂಗುತ್ತಿದ್ದ. ವಾಪಸ್ ಹೊರಟಾಗ ಅಜ್ಜಿಗೆ ಅಂತ ಎರಡು ದೋಸೆ ಪಾರ್ಸೆಲ್. ಬಾಳೆಲೆ, ಅದರ ಮೇಲೆ ಪೇಪರ್, ಮೇಲಿಂದ ನೇತುಬಿದ್ದ ಉಂಡೆಯಿಂದ ಎಳೆದ ಬಿಳಿ ನೂಲು. ಬಸ್ಸಿನಲ್ಲಿ ಅದು ತೊಡೆಯ ಮೇಲೆ ಬೆಚ್ಚಗಿರುತ್ತಿತ್ತು. ಮನೆ ಮುಟ್ಟುವಾಗ ದೋಸೆ ಚರ್ಮದ ಹಾಗಾಗಿರುತ್ತಿತ್ತು. ಅಜ್ಜಿ ಖುಷಿಯಿಂದಲೇ ತಿನ್ನುತ್ತಿದ್ದರು.

ಇನ್ನು ಪಂದಿಯ ವಿಷಯ. ಕೊಡವರ ಮನೆಗಳಲ್ಲಿ ಇದು ದಿನದ ಸಾರು ಆಗಿರಲಿಲ್ಲ. ಬೇಟೆ ಸಿಕ್ಕಿದ ದಿನ, ಮದುವೆ, ಸೆಪ್ಟೆಂಬರ್ 3ರ ಕೈಲ್ ಪೊಳ್ದ್. ನಾಟಿ ಮುಗಿದ ಮೇಲೆ ಕೋವಿ ಕತ್ತಿಗಳಿಗೆ ಪೂಜೆ ಮಾಡಿ, ಕಡಂಬುಟ್ಟಿನ ಜೊತೆ ಪಂದಿ ಉಣ್ಣುವ ಹಬ್ಬ ಅದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬರಬರುತ್ತಾ ಕಾಡುಹಂದಿ ಹೊಡೆಯುವುದು ಅಪರಾಧವಾಯಿತು, ಸಾಕಿದ ಹಂದಿ ಅದರ ಜಾಗಕ್ಕೆ ಬಂತು. ಮಾರಾಟಕ್ಕೆ ಇದು ಮೊದಲ ಮೆಟ್ಟಿಲು ಅಂತ ನನಗನಿಸುತ್ತದೆ. ಬೇಟೆಯ ಮಾಂಸ ಹಂಚಿಕೊಳ್ಳುವಂಥದ್ದು. ಅಂಗಡಿಯಿಂದ ತೂಕ ಹಾಕಿಸಿ ತಂದದ್ದಕ್ಕೆ ಬೆಲೆ ಇರುತ್ತದೆ, ಅಲ್ವಾ?

ಎರಡನೇ ಮೆಟ್ಟಿಲು ಕಲ್ಯಾಣ ಮಂಟಪ. ಮೊದಲು ಮದುವೆ ಅಂದರೆ ಮನೆ ಅಂಗಳ, ನೆರೆಕರೆಯವರೇ ಅಡುಗೆಗೆ. ಆಮೇಲೆ ಮದುವೆಗಳು ಕೊಡವ ಸಮಾಜಗಳ ಹಾಲ್‌ಗೆ ಹೋದವು, ಅಡುಗೆ ಕಂಟ್ರಾಕ್ಟ್‌ಗೆ ಹೋಯಿತು. ಸಾವಿರ ಜನಕ್ಕೆ ಒಂದೇ ಹದದಲ್ಲಿ ಪಂದಿ ಮಾಡುವ ಅಡುಗೆಯವರು ತಯಾರಾದದ್ದು ಇಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದ ಮೇಲೆ ಪ್ರತಿ ಬೇಸಿಗೆ ಒಂದೊಂದು ಊರಿನ ಮೈದಾನದ ಸುತ್ತ ಊಟದ ಸ್ಟಾಲ್‌ಗಳು ಏಳತೊಡಗಿದವು. 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ್ದು 360 ಕುಟುಂಬಗಳು. ಆಟ ನೋಡಲು ಬಂದವರು ಊಟಕ್ಕೆ ಮನೆಗೆ ಹೋಗಿ ಬರುತ್ತಾರೆಯೇ?

ಆದರೂ ಹೋಟೆಲ್ ಮೆನುವಿಗೆ ಪಂದಿಯನ್ನು ಎಳೆದು ತಂದದ್ದು, ನನ್ನ ಲೆಕ್ಕದಲ್ಲಿ, ಕಾಫಿ ರೇಟು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು, ನಿಧಾನ, ಆದರೆ ಬರುತ್ತಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಹೋಯಿತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಇಲ್ಲಿ ರೇಟು ಏರುವ ಕಾಲ ಶುರುವಾಯಿತು. ಎರಡು ಮೂರು ವರ್ಷ ಎಲ್ಲರೂ ಹೊಸ ಜೀಪು ತೆಗೆದುಕೊಂಡರು. 2000ದ ನಂತರ ಜಗತ್ತಿನ ಮಾರುಕಟ್ಟೆಯಲ್ಲಿ ರೇಟು ನೆಲಕ್ಕೆ ಬಿತ್ತು. ತೋಟದ ಖರ್ಚೂ ಹುಟ್ಟದ ಆ ವರ್ಷಗಳಲ್ಲಿ, ಮಕ್ಕಳು ಬೆಂಗಳೂರಿಗೆ ಹೋಗಿ ಖಾಲಿಯಾಗಿದ್ದ ದೊಡ್ಡ ಮನೆಗಳಲ್ಲಿ ಎರಡು ಕೋಣೆಗೆ ಹೊಸ ಬೆಡ್‌ಶೀಟ್ ಹಾಸಿದರು. ಹೋಮ್‌ಸ್ಟೇ ಅಂತ ಹೆಸರಾಯಿತು.

ಹೋಮ್‌ಸ್ಟೇಗೆ ಬಂದವನಿಗೆ ಊಟ ಕೊಡಬೇಕಲ್ಲ. ಮನೆಯವರು ತಮಗೆ ಗೊತ್ತಿದ್ದನ್ನು ಮಾಡಿದರು. ಬಂದವರು ಬೆರಳು ನೆಕ್ಕಿ ಹೋದರು, ಮುಂದಿನ ಸಲ ದಾರಿಯಲ್ಲಿ ಹೋಟೆಲಿನಲ್ಲೂ ಅದನ್ನೇ ಕೇಳಿದರು. ಬೆಂಗಳೂರಿನಲ್ಲಿ ಈ ರುಚಿಯ ಪರಿಚಯ ಅದಕ್ಕೂ ಮೊದಲೇ ಆಗಿತ್ತು. ರೆಸಿಡೆನ್ಸಿ ರಸ್ತೆಯಲ್ಲಿ 1990ರಲ್ಲಿ ಶುರುವಾದ 'ಕರಾವಳಿ' ರೆಸ್ಟೋರೆಂಟ್‌ನ ಅಡುಗೆಮನೆಯನ್ನು ದಶಕಗಳ ಕಾಲ ನೋಡಿಕೊಂಡವರು ಕೊಡಗಿನವರೇ ಆದ ಶೆಫ್ ನರೇನ್ ತಿಮ್ಮಯ್ಯ. ಅಂದರೆ ನಮ್ಮ ಅಡುಗೆ ಮಡಿಕೇರಿಯ ಹೋಟೆಲಿಗೆ ಬಂದದ್ದು ಬೆಂಗಳೂರು ಸುತ್ತಿಕೊಂಡು.

ಬಂದ ಮೇಲೆ ಅದರ ಹದ ಸ್ವಲ್ಪ ಕೆಟ್ಟಿತು. ಪಂದಿ ಕರಿಯ ಜೀವ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾದ ಪುಳಿ ಎಂಬ ಹುಳಿ ಕಾಯಿಯನ್ನು ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಅದು ಕೊಳೆತು ಕೆಳಗಿನ ಪಾತ್ರೆಗೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿದರೆ ಡಾಂಬರಿನಷ್ಟು ಕಪ್ಪು, ದಪ್ಪ. ವರ್ಷಗಟ್ಟಲೆ ಕೆಡುವುದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಯನ್ನು ಇನ್ನೇನು ಸೀದೇ ಹೋಯಿತು ಅನ್ನುವ ತನಕ ಹುರಿದು ಪುಡಿ ಮಾಡಬೇಕು, ಕಾಚಂಪುಳಿಯನ್ನು ಕೊನೆಗೆ ಬಿಡಬೇಕು. ಒಂದು ಚಮಚ ಜಾಸ್ತಿಯಾದರೆ ಹಲ್ಲು ಜುಮ್ಮೆನ್ನುತ್ತದೆ. ಹೋದ ವರ್ಷ ಒಂದು ಹೋಟೆಲಿನಲ್ಲಿ ನೆಂಟರ ಒತ್ತಾಯಕ್ಕೆ ತಿಂದೆ. ಬಣ್ಣವೇನೋ ಕಪ್ಪು. ಹುಳಿ ಮಾತ್ರ ಬಾಟಲಿ ವಿನೆಗರ್‌ದು, ಮೂಗಿಗೇ ಬಡಿಯಿತು. ನೆಂಟರು "ಸೂಪರ್" ಅಂದರು. ನಾನು ಸುಮ್ಮನಿದ್ದೆ.

ಈಗ ಪಾರ್ಸೆಲ್‌ಗೆ ಬರೋಣ. ಆ್ಯಪ್‌ನಲ್ಲಿ ಊಟ ತರಿಸುವುದು ಹೊಸದು. ಸ್ವಿಗ್ಗಿ ಬೆಂಗಳೂರಿನಲ್ಲಿ ಶುರುವಾದದ್ದೇ 2014ರಲ್ಲಿ. ಆದರೆ ಊಟವನ್ನು ದೂರದಿಂದ ತರಿಸುವುದು ಕೊಡಗಿಗೆ ಹೊಸದೇನಲ್ಲ. ಇಲ್ಲಿ ಪ್ರೈವೇಟ್ ಬಸ್ಸು ಪೇಪರ್, ಔಷಧಿ, ಕೋಳಿಮರಿ, ಪಂಪ್‌ಸೆಟ್ಟಿನ ಪಾರ್ಟು ಎಲ್ಲ ತರುತ್ತದೆ. ಹೋಟೆಲಿಗೆ ಫೋನ್ ಮಾಡಿ ಹೇಳಿದರೆ ಕಟ್ಟಿ ಬಸ್ಸಿಗೆ ಕೊಡುತ್ತಿದ್ದರು, ಕ್ಲೀನರ್ ನಮ್ಮ ಗೇಟಿನ ಹತ್ತಿರ ಇಳಿಸುತ್ತಿದ್ದ. ಹತ್ತೋ ಇಪ್ಪತ್ತೋ ಅವನ ಕೈಗೆ. ಬಸ್ಸಿಲ್ಲದ ಹೊತ್ತಿಗೆ ಪರಿಚಯದ ಆಟೋ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿತು, ಪ್ರವಾಸಿಗಳಿಗೆ ಬರಬೇಡಿ ಅಂದರು. ಪ್ರವಾಸಿಗಳನ್ನೇ ನಂಬಿದ್ದ ಹೋಟೆಲುಗಳು ಊರಿನವರ ಕಡೆ ತಿರುಗಿ ನೋಡಿದ್ದು ಆಗ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದ ಮೇಲಂತೂ ಪಾರ್ಸೆಲ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮನೆಯ ಹೆಂಗಸರು "ಭಾನುವಾರ ಪಂದಿ ಇದೆ, ಶನಿವಾರ ಸಂಜೆಯೊಳಗೆ ಹೇಳಿ" ಅಂತ ಹಾಕತೊಡಗಿದರು. ನನ್ನ ಕೇಳಿದರೆ ಈಗಲೂ ಒಳ್ಳೆ ಪಂದಿ ಸಿಗುವುದು ಆ ಗುಂಪುಗಳಲ್ಲೇ.

ಆ್ಯಪ್‌ಗಳೂ ಬಂದವು, ಆದರೆ ಪೇಟೆಯ ಮಟ್ಟಿಗೆ. ಲೆಕ್ಕ ಸರಳ. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯಲ್ಲಿ 5,54,519 ಜನ, 4,102 ಚದರ ಕಿ.ಮೀ. ಜಾಗ. ಮಡಿಕೇರಿ ಪಟ್ಟಣದಲ್ಲೇ 33 ಸಾವಿರದಷ್ಟು ಜನ. ಉಳಿದವರಲ್ಲಿ ಹೆಚ್ಚಿನವರು ತೋಟಗಳ ನಡುವೆ ಚದುರಿಕೊಂಡಿದ್ದಾರೆ. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್. ಒಂದು ಬೈಕು ಗಂಟೆಗೆ ಮೂರು ಮನೆಗಾದರೂ ಹೋದರೆ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ. ಏರು, ತಿರುವು, ಮಂಜು, ಗೇಟಿನಲ್ಲಿ ನಾಯಿ, ಮೇಲಿಂದ ನೆಟ್‌ವರ್ಕ್ ಇಲ್ಲ. ಡೆಲಿವರಿ ಹುಡುಗನಿಗೆ ದಾರಿ ಹೇಳುವುದರೊಳಗೆ ಒಂದು ಅನ್ನ ಸಾರು ಮಾಡಿಬಿಡಬಹುದು.

ಪೇಟೆಯೊಳಗೆ ತರಿಸುವವರೂ ಯಾಕೆ ಪರೋಟ, ಬಿರಿಯಾನಿಯನ್ನೇ ತರಿಸುತ್ತಾರೆ? ನನಗೆ ತೋಚಿದ ಉತ್ತರ ಅಡುಗೆಯಲ್ಲೇ ಇದೆ. ಪಂದಿ ಕರಿ ಪ್ರಯಾಣಕ್ಕೆ ಒಗ್ಗುತ್ತದೆ, ಮಾರನೇ ದಿನಕ್ಕೆ ಇನ್ನೂ ರುಚಿ. ಒಗ್ಗದ್ದು ಅದರ ಜೊತೆಗಾರ. ಕಡಂಬುಟ್ಟು ಅಕ್ಕಿ ತರಿಯ ಉಂಡೆ, ಹಬೆಯಿಂದ ಇಳಿಸಿ ಬಿಸಿ ಇರುವಾಗಲೇ ತಿನ್ನಬೇಕು. ಡಬ್ಬಿಯಲ್ಲಿ ಅರ್ಧ ಗಂಟೆ ಕೂತರೆ ಬೆವರಿ ಹೊರಗೆ ಅಂಟು, ಒಳಗೆ ಗಟ್ಟಿ. ಅಕ್ಕಿ ಒಟ್ಟಿ, ಅಂದರೆ ರೊಟ್ಟಿ, ತಣ್ಣಗಾದರೆ ರಟ್ಟು. ನೂಪುಟ್ಟು ಒಂದೇ ಮುದ್ದೆ. ಮೈದಾ ಪರೋಟ ಹಾಗಲ್ಲ, ಎಣ್ಣೆಯ ದಯದಿಂದ ಗಂಟೆ ಹೊತ್ತು ಮೆತ್ತಗೇ ಇರುತ್ತದೆ. ಬಿರಿಯಾನಿ ಮುಚ್ಚಿದ ಪಾತ್ರೆಯಲ್ಲೇ ಹದವಾಗುವಂಥದ್ದು. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿನಿಂದ ಕುಶಾಲನಗರಕ್ಕೆ ಬಂದ ಮೊಮೊ ಕೂಡ ಬೇಗ ಒಗ್ಗಿಕೊಂಡಿತು. ಗೋಬಿಗೆ ಮಾತ್ರ ಒಂದು ಅಡ್ಡಿ ಬಂತು. 2024ರ ಮಾರ್ಚ್‌ನಲ್ಲಿ ಸರ್ಕಾರ ಕೃತಕ ಬಣ್ಣ ನಿಷೇಧಿಸಿತು. ಕೆಂಪು ಹೋದ ಗೋಬಿಯನ್ನು ನಮ್ಮ ಮನೆ ಹುಡುಗರು ಮೊದಲ ದಿನ ಮುಟ್ಟಲೇ ಇಲ್ಲ. ಎರಡನೇ ದಿನ ತಿಂದರು.

ಹೋದ ಜುಲೈಯಲ್ಲಿ ಒಂದು ಸಂಜೆ ಕರೆಂಟಿಲ್ಲ, ಗ್ಯಾಸೂ ಮುಗಿದಿತ್ತು. ಮಗಳು ಆ್ಯಪ್ ತೆರೆದಳು. ನಮ್ಮ ಜಾಗಕ್ಕೆ ಸೇವೆ ಇಲ್ಲ ಅಂತ ಬಂತು. ನಾನು ಕಾಕನ ಹೋಟೆಲಿಗೆ ಫೋನ್ ಮಾಡಿದೆ. "ಕೊನೇ ಬಸ್ಸಿಗೆ ಕೊಡ್ತೇನೆ, ಟಾರ್ಚ್ ಹಿಡ್ಕೊಂಡು ನಿಲ್ಲಿ" ಅಂದರು. ಏಳೂ ಮುಕ್ಕಾಲಿಗೆ ಬಸ್ಸು ಬಂತು, ನಿಲ್ಲಲೂ ಇಲ್ಲ, ನಿಧಾನ ಮಾಡಿತು ಅಷ್ಟೇ. ಕ್ಲೀನರ್ ಬಾಗಿಲಿನಿಂದ ಬಗ್ಗಿ ಕಟ್ಟು ಕೊಟ್ಟ. ಹತ್ತು ಪರೋಟ. ಕುರ್ಮದ ಕವರ್ ಒಡೆದು ಪೇಪರೆಲ್ಲ ಎಣ್ಣೆ. ದುಡ್ಡು ಕೊಡಲು ಕೈ ಚಾಚುವುದರೊಳಗೆ ಬಸ್ಸು ತಿರುವು ದಾಟಿತ್ತು. ಶುಕ್ರವಾರ ಸಂತೆಗೆ ಹೋದಾಗ ಕೊಟ್ಟೆ.