ಕಾರಣ ಆಮೇಲೆ ಹುಟ್ಟುತ್ತದೆ

2010ರಲ್ಲಿ ಸ್ವೀಡನ್ನಿನ ಚುನಾವಣೆಯ ಕಾವು ಜೋರಾಗಿದ್ದಾಗ, ಲುಂಡ್ ವಿಶ್ವವಿದ್ಯಾಲಯದ ಲಾರ್ಸ್ ಹಾಲ್, ಪೆಟ್ಟರ್ ಯೊಹಾನ್ಸನ್ ಮತ್ತು ಅವರ ತಂಡ 162 ಜನರ ಕೈಗೆ ಒಂದೊಂದು ಪ್ರಶ್ನಾವಳಿ ಕೊಟ್ಟಿತು. ಎಡ ಬಣವೋ ಬಲ ಬಣವೋ, ನಿಮ್ಮ ವೋಟು ಯಾರಿಗೆ ಎಂಬುದು ಮೊದಲ ಪ್ರಶ್ನೆ. ಆಮೇಲೆ ತೆರಿಗೆ, ಅಣುವಿದ್ಯುತ್ತು ಹೀಗೆ ಎರಡೂ ಬಣಗಳು ಕಿತ್ತಾಡುತ್ತಿದ್ದ ವಿಷಯಗಳು. ಒಪ್ಪುತ್ತೀರಾ, ಎಷ್ಟು ಒಪ್ಪುತ್ತೀರಿ ಅಂತ ಗುರುತು ಹಾಕಬೇಕು.

ಜನ ಗುರುತು ಹಾಕುತ್ತಿದ್ದಾಗ ಪಕ್ಕದಲ್ಲಿ ನಿಂತ ಸಂಶೋಧಕ ಅಂಥದ್ದೇ ಇನ್ನೊಂದು ಚೀಟಿಯಲ್ಲಿ ಗುರುತು ಹಾಕುತ್ತಿದ್ದ. ಹಲವು ಪ್ರಶ್ನೆಗಳಲ್ಲಿ ಇವರು ಒಪ್ಪಿದ್ದಕ್ಕೆ ಅವನದು ಬೇಡ, ಇವರು ಬೇಡ ಅಂದದ್ದಕ್ಕೆ ಅವನದು ಒಪ್ಪಿಗೆ. ಹಾಳೆ ವಾಪಸು ಪಡೆದು, ಕಣ್ತಪ್ಪಿಸಿ ಆ ಚೀಟಿಯನ್ನು ಮೇಲೆ ಅಂಟಿಸಿ ಮತ್ತೆ ಅವರ ಕೈಗೇ ಕೊಡುತ್ತಿದ್ದ. "ಇಲ್ಲಿ ಹೀಗೆ ಹೇಳಿದ್ದೀರಿ. ಯಾಕೆ ಅಂತ ಸ್ವಲ್ಪ ವಿವರಿಸ್ತೀರಾ?"

ಜನ ವಿವರಿಸಿದರು! ತಾವು ಎಂದೂ ಹೇಳದ ಮಾತಿಗೆ ಕಾರಣ ಕೊಟ್ಟರು. ತಿರುಚಿದ ಉತ್ತರಗಳಲ್ಲಿ ಪತ್ತೆಯಾದದ್ದು ಶೇ. 22 ಮಾತ್ರ. ಎಲ್ಲ ಕೂಡಿಸಿ "ನಿಮ್ಮ ಉತ್ತರಗಳು ಇಂಥ ಬಣದ ಕಡೆ ವಾಲುತ್ತವೆ" ಎಂದು ತೋರಿಸಿದಾಗ ಶೇ. 92 ಮಂದಿ ಒಪ್ಪಿಕೊಂಡರು. ಕೊನೆಗೆ ವೋಟಿನ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಮೊದಲಿನಿಂದ ತೀರ್ಮಾನ ಮಾಡದೆ ಇದ್ದವರನ್ನೂ ಸೇರಿಸಿ ಶೇ. 48ರಷ್ಟು ಜನ ಎರಡು ಬಣಗಳ ನಡುವೆ ಅತ್ತಿಂದಿತ್ತ ಯೋಚಿಸಲು ತಯಾರಾಗಿದ್ದರು.

ಇವರನ್ನು ದಡ್ಡರು ಅನ್ನಬೇಡಿ. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ. ನಮ್ಮ ಅಭಿಪ್ರಾಯಗಳು ಕಾರಣಗಳ ಮೇಲೆ ನಿಂತಿವೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಭಿಪ್ರಾಯ ಮೊದಲೇ ಬಂದು ಕೂತಿರುತ್ತದೆ. ಕಾರಣವನ್ನು ನಾವು ಆಮೇಲೆ ಹುಡುಕಿ ತರುತ್ತೇವೆ, ಅದೂ ಪೂರ್ತಿ ಪ್ರಾಮಾಣಿಕವಾಗಿ.

ಇಂಥದ್ದನ್ನೆಲ್ಲ ಕೆದಕುವ ಶಾಸ್ತ್ರಕ್ಕೆ ರಾಜಕೀಯ ಮನೋವಿಜ್ಞಾನ ಎಂದು ಹೆಸರು. ಇದಕ್ಕೆ ಅಂತಲೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1978ರಲ್ಲಿ. ಆದರೆ ಅದರ ದೊಡ್ಡ ಪ್ರಶ್ನೆಗಳು ಎರಡನೇ ಮಹಾಯುದ್ಧದ ಬೂದಿಯಿಂದ ಎದ್ದವು.

ಹೆನ್ರಿ ತಾಜ್‌ಫೆಲ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಫ್ರೆಂಚ್ ಸೈನ್ಯದಲ್ಲಿದ್ದಾಗ ಜರ್ಮನರಿಗೆ ಸೆರೆಸಿಕ್ಕ. ಪೋಲೆಂಡಿನವನು ಅನ್ನುವುದನ್ನು ಮುಚ್ಚಿಟ್ಟು, ಫ್ರಾನ್ಸಿನವನೆಂದೇ ಹೇಳಿಕೊಂಡು ಬದುಕಿ ಉಳಿದ. ಯುದ್ಧ ಮುಗಿದ ಮೇಲೆ ನೋಡಿದರೆ ಮನೆಯವರಲ್ಲಿ ಹೆಚ್ಚುಕಮ್ಮಿ ಯಾರೂ ಉಳಿದಿರಲಿಲ್ಲ. ಯಾವ ಗುಂಪಿನವನು ಅನ್ನುವ ಒಂದು ಮಾತಿನ ಮೇಲೆ ಪ್ರಾಣ ನಿಂತಿದ್ದನ್ನು ಕಂಡವನು, ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮನೋವಿಜ್ಞಾನದ ಪ್ರೊಫೆಸರ್ ಆಗಿ ಕೇಳಿದ್ದು ಇಷ್ಟು: "ನಾವು, ಅವರು" ಎಂಬ ಭೇದ ಹುಟ್ಟಲು ಕನಿಷ್ಠ ಏನು ಬೇಕು?

ಹದಿನಾಲ್ಕು ಹದಿನೈದರ ಶಾಲಾ ಹುಡುಗರನ್ನು ಕೂರಿಸಿ, ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಎಷ್ಟಿವೆ ಅಂತ ಅಂದಾಜು ಮಾಡಿಸಿದ. ಹೆಚ್ಚು ಹೇಳುವವರು ಒಂದು ಗುಂಪು, ಕಡಿಮೆ ಹೇಳುವವರು ಇನ್ನೊಂದು ಎಂದ. ನಿಜಕ್ಕೂ ಗುಂಪು ಮಾಡಿದ್ದು ಸುಮ್ನೆ, ಮನಸ್ಸಿಗೆ ಬಂದಂತೆ. ಆಮೇಲೆ ಬೇರೆ ಇಬ್ಬರು ಹುಡುಗರಿಗೆ ಚಿಲ್ಲರೆ ಹಣ ಹಂಚಬೇಕು. ಅವರ ಹೆಸರು ಗೊತ್ತಿಲ್ಲ, ಗುಂಪು ಮಾತ್ರ ಗೊತ್ತು. ಹಂಚುವವನಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಮುಂದಿನ ಪ್ರಯೋಗದಲ್ಲಿ ಚುಕ್ಕೆಯ ಬದಲು ಯಾವ ಚಿತ್ರಕಾರ ಇಷ್ಟ ಅನ್ನುವ ನೆಪದಲ್ಲಿ ಗುಂಪು ಮಾಡಿ, ಹಂಚಿಕೆಯ ಜೋಡಿಗಳ ಪಟ್ಟಿಯಿಂದ ಒಂದನ್ನು ಆರಿಸಲು ಹೇಳಿದ. ಒಂದು ಪಟ್ಟಿಯ ಒಂದು ತುದಿಯಲ್ಲಿ ನಮ್ಮವನಿಗೆ 19, ಅವರವನಿಗೆ 25. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವರವನಿಗೆ 1. ನಮ್ಮವನಿಗೆ ಒಳ್ಳೆಯದಾಗಲಿ ಅನ್ನುವುದೇ ಆಸೆಯಾದರೆ 19 ಕೊಡಬೇಕು ಅಲ್ವಾ? ಹುಡುಗರ ಒಲವು ನಡುವಿನ, ನಮ್ಮವನಿಗೆ 12, ಅವರವನಿಗೆ 11 ಅನ್ನುವಂಥ ಕಡೆಗೆ. ನಮ್ಮವನಿಗೆ ಕಮ್ಮಿಯಾದರೂ ಸರಿ, ಅವನಿಗಿಂತ ಒಂದು ಕೈ ಮೇಲಿರಬೇಕು. ಇಷ್ಟಕ್ಕೆ ಬೇಕಾಗಿದ್ದದ್ದು ಇಂಥ ಒಂದು ಚಿಕ್ಕ ಸುಳ್ಳು.

ಕಾರಣ ಆಮೇಲೆ ಬರುವುದನ್ನು ಮೊದಲಿಗೆ ಹಿಡಿದುಕೊಟ್ಟ ಸುಳಿವುಗಳಲ್ಲಿ ಒಂದು ನಮ್ಮ ದೇಶದ್ದೇ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಆಮೇಲೆ ಹಬ್ಬಿದ ಗಾಳಿಸುದ್ದಿಗಳನ್ನು ಮನೋವಿಜ್ಞಾನಿ ಜಮುನಾ ಪ್ರಸಾದ್ ಕೂಡಿಟ್ಟರು. ನೆಲ ನಡುಗಿದ್ದು ಗೊತ್ತಾಗಿಯೂ ಒಂದು ಗೋಡೆಯೂ ಬೀಳದ ಊರುಗಳಲ್ಲಿ "ಇನ್ನೂ ದೊಡ್ಡದು ಬರುತ್ತೆ" ಎಂಬ ಸುದ್ದಿ ಹಬ್ಬಿತ್ತು. ಹೆದರಿದವರು ಇನ್ನಷ್ಟು ಹೆದರಿಸುವ ಸುದ್ದಿ ಯಾಕೆ ಹರಡುತ್ತಾರೆ? ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್‌ಗೆ ಇದು ತಲೆ ಕೊರೆಯಿತು. ಭಯ ಆಗಲೇ ಎದೆಯಲ್ಲಿದೆ, ಅದಕ್ಕೆ ತಕ್ಕ ಕಾರಣ ಕಣ್ಣಿಗೆ ಕಾಣುತ್ತಿಲ್ಲ, ಸುದ್ದಿ ಆ ಕಾರಣವನ್ನು ಒದಗಿಸುತ್ತದೆ ಎಂದು ಅವರಿಗೆ ಹೊಳೆಯಿತು. 1957ರಲ್ಲಿ ಅವರು ಪ್ರಕಟಿಸಿದ ಹೆಸರಾಂತ ಸಿದ್ಧಾಂತಕ್ಕೆ, ಅಂದರೆ ಒಂದಕ್ಕೊಂದು ಹೊಂದದ ವಿಚಾರಗಳು ಮನಸ್ಸಿಗೆ ಕಸಿವಿಸಿ ತರುತ್ತವೆ, ಮನಸ್ಸು ಅವನ್ನು ಹೇಗೋ ಹೊಂದಿಸಿಕೊಳ್ಳುತ್ತದೆ ಎನ್ನುವ 'ಕಾಗ್ನಿಟಿವ್ ಡಿಸೊನೆನ್ಸ್'ಗೆ, ದಾರಿಯಾದದ್ದು ಇದೇ. ಮೊಬೈಲಿಗೆ ಬರುವ ಭಯದ ಫಾರ್ವರ್ಡುಗಳನ್ನು ಕಂಡಾಗೆಲ್ಲ ನನಗೆ ಆ ಗೋಡೆ ಬೀಳದ ಊರುಗಳು ನೆನಪಾಗುತ್ತವೆ.

ಹಾಗಾದರೆ ವಾದ ಮಾಡಿ ಏನು ಬಂತು? 2016ರಲ್ಲಿ ಡೇವಿಡ್ ಬ್ರೂಕ್‌ಮನ್, ಜೋಶುವಾ ಕಲ್ಲಾ ಪ್ರಕಟಿಸಿದ ಅಧ್ಯಯನ ನನಗೆ ಧೈರ್ಯ ಕೊಟ್ಟಿತು. ಮಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಹತ್ತು ನಿಮಿಷ ಮಾತಾಡಿದರು. ವಿಷಯ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಇರುವ ಅಸಹನೆ. ಅಂಕಿ ಅಂಶ ಸುರಿಯುವ ಬದಲು, ನಿಮ್ಮನ್ನು ಯಾರಾದರೂ ಬೇರೆಯವರು ಅಂತ ನೋಡಿದ್ದು ನೆನಪಿದೆಯಾ ಎಂದು ಕೇಳಿ, ಕೇಳಿಸಿಕೊಂಡರು. ಅಸಹನೆ ಕಡಿಮೆಯಾಯಿತು, ಮೂರು ತಿಂಗಳ ನಂತರವೂ.

ಅದನ್ನು ಓದಿದ ಮೇಲೆ ಚಿಕ್ಕಪ್ಪನ ಹತ್ತಿರ ಒಂದು ಪ್ರಯತ್ನ ಮಾಡಿದೆ. ಪ್ರತಿ ಚುನಾವಣೆಗೂ ನಮ್ಮಿಬ್ಬರಿಗೆ ಜಟಾಪಟಿ. ಈ ಸಲ ವಾದ ಬಿಟ್ಟು ಕೇಳಿದೆ: "ಚಿಕ್ಕಪ್ಪ, ನೀವು ಮೊದಲ ಸಲ ವೋಟು ಹಾಕಿದ್ದು ಯಾವಾಗ?"

1978ರ ಚಿಕ್ಕಮಗಳೂರು ಉಪಚುನಾವಣೆ. ಇಂದಿರಾ ಗಾಂಧಿ, ವೀರೇಂದ್ರ ಪಾಟೀಲ. ಅಜ್ಜನ ಜೊತೆಗೇ ಮತಗಟ್ಟೆಗೆ ಹೋಗಿದ್ದರಂತೆ. ಯಾರಿಗೆ ಮುದ್ರೆ ಒತ್ತಬೇಕು ಅಂತ ಅಜ್ಜ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು.

"ನಾನು ಒತ್ತಿದ್ದು ಇನ್ನೊಬ್ಬರಿಗೆ," ಅಂದರು ಚಿಕ್ಕಪ್ಪ. "ಅಪ್ಪನಿಗೆ ಕೊನೇವರೆಗೂ ಹೇಳಲಿಲ್ಲ."