‘ಬೀಪ್ ಬಂತಲ್ಲ ಸಾರ್’ ಅನ್ನುವವರಿಗೆ

ಕಾರಿಗೆ ಬೇರೆ ಎಂಜಿನ್ ತಂದು ಕೂರಿಸಿ, ಬೋಲ್ಟ್ ಬಿಗಿದು, ಆಯಿಲ್ ಕೂಲೆಂಟ್ ತುಂಬಿ ಕೀ ತಿರುಗಿಸಿದರೆ ಸೆಲ್ಫ್ ‘ಟಕ್’ ಅಂದು ಸುಮ್ಮನಾಗುತ್ತದೆ. ಇಲ್ಲವೇ ಮುಲುಕುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಅಲ್ಲಿಂದ ಶುರು. ಮೊದಲು ಬ್ಯಾಟರಿ ಬದಲು, ಆಮೇಲೆ ಸ್ಟಾರ್ಟರ್ ಮೋಟಾರ್ ಬದಲು, ಕೊನೆಗೆ ‘ಜಾಮ್ ಆಗಿರೋ ಎಂಜಿನ್ ಕೊಟ್ಟು ಮೋಸ ಮಾಡಿದ್ರು’ ಎಂಬ ಗೋಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಂಜಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸುವ ಅರ್ತ್ ವೈರ್ ನೋಡಿದಿರಾ ಎಂದರೆ ತಕ್ಷಣ ಉತ್ತರ: ‘ನೋಡಿದೆ, ಮಲ್ಟಿಮೀಟರ್‌ನಲ್ಲಿ ಬೀಪ್ ಬಂತಲ್ಲ!’

ಆ ಬೀಪ್ ನಂಬಿಯೇ ಕೆಡುವುದು. ಕರೆಂಟಿಗೆ ಎಲ್ಲೋ ಒಂದು ದಾರಿ ಇದೆ ಎಂದಷ್ಟೇ ಅದು ಹೇಳುತ್ತದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೂ ಅದಕ್ಕೂ ಕರೆಂಟಿನ ಗಟ್ಟಿ ನಂಟು ಇರುವುದು ಅರ್ತ್ ವೈರ್‌ನಿಂದ ಮಾತ್ರ. ಸ್ಟಾರ್ಟರ್‌ಗೆ ಬೇರೆ ನೆಗೆಟಿವ್ ವೈರ್ ಇಲ್ಲ, ಅದರ ಮೈಯೇ ನೆಗೆಟಿವ್. ಸಣ್ಣ ಕಾರಿನ ಸ್ಟಾರ್ಟರ್ ಕೂಡ ಸುಮಾರು 100ರಿಂದ 150 ಆಂಪಿಯರ್ ಎಳೆಯುತ್ತದೆ, ಅಷ್ಟೂ ವಾಪಸ್ ಬ್ಯಾಟರಿಗೆ ಹೋಗಬೇಕು. ದಾರಿಯಲ್ಲಿ 0.02 ಓಮ್ ತಡೆಯಿದ್ದರೆ, 120 ಆಂಪಿಯರ್‌ಗೆ 2.4 ವೋಲ್ಟ್ ಅಲ್ಲೇ ಖರ್ಚು. ನಿಮ್ಮ ಮೀಟರ್‌ನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ ಅದಕ್ಕಿಂತ ಹೆಚ್ಚು ಓಮ್ ತೋರಿಸುತ್ತದೆ, ಇನ್ನು 0.02 ಹೇಗೆ ಕಂಡೀತು? ಹತ್ತಾರು ಎಳೆ ಹರಿದು ಒಂದೇ ಎಳೆ ಉಳಿದ ವೈರ್‌ಗೂ ಬೀಪ್ ಬರುತ್ತದೆ. ಅರ್ತ್ ವೈರ್ ಹಾಕುವುದನ್ನೇ ಮರೆತಿದ್ದರೂ ಕ್ಲಚ್ ಕೇಬಲ್ ಮೂಲಕ ಬೀಪ್ ಬರುತ್ತದೆ!

ಹಾಗಾಗಿ ಅಳೆಯಬೇಕಾದ್ದು ಓಮ್ ಅಲ್ಲ, ಲೋಡ್ ಬಿದ್ದಾಗಿನ ವೋಲ್ಟ್. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಎಂಜಿನ್ ಹತ್ತಿಕೊಳ್ಳದಂತೆ ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆಯಿರಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ. ಕೆಂಪು ಕಡ್ಡಿ ಬಣ್ಣವಿಲ್ಲದ ಕಡೆ ಎಂಜಿನ್ ಬ್ಲಾಕ್‌ಗೆ. ಇನ್ನೊಬ್ಬರು ಮೂರ್ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಯಲಿ. 0.2 ವೋಲ್ಟ್ ಒಳಗಿದ್ದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ಮೊದಲು ಅರ್ತ್ ಸರಿಮಾಡಿ, ಅಲ್ಲಿಯವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ನಡುವೆ ಬಂದರೆ ಬಿಚ್ಚಿ ಉಜ್ಜಿ ಮತ್ತೆ ಅಳೆಯಿರಿ, ಕಾರಿನಿಂದ ಕಾರಿಗೆ ಚೂರು ಆಚೀಚೆ ಆಗುತ್ತದೆ.

ಅದೇ ಹೊತ್ತಲ್ಲಿ ಬ್ಯಾಟರಿಯ ಎರಡು ಕಂಬಗಳ ನಡುವೆಯೂ ನೋಡಿ. ಸೆಲ್ಫ್ ಮುಲುಕುತ್ತಿದ್ದರೂ ಬ್ಯಾಟರಿ 11.5 ವೋಲ್ಟ್‌ಗಿಂತ ಮೇಲೇ ನಿಂತಿದೆ ಎಂದರೆ ಅದರಿಂದ ಬೇಕಾದಷ್ಟು ಕರೆಂಟ್ ಹೊರಗೆ ಹೋಗುತ್ತಿಲ್ಲ, ಪಾಪ, ಬ್ಯಾಟರಿಯದೇನೂ ತಪ್ಪಿಲ್ಲ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಸ್ಟಾರ್ಟರ್ ಅಥವಾ ಎಂಜಿನ್ ನಿಜವಾಗಿಯೂ ಬಿಗಿಯಾಗಿದೆ. ಎಂಜಿನ್ ಮೇಲೆ ಅನುಮಾನವಿದ್ದರೆ ಪ್ಲಗ್ ತೆಗೆದು ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿ.

ಮೀಟರ್ ಇಲ್ಲವೇ? ಒಂದು ಜಂಪರ್ ಕೇಬಲ್ ಸಾಕು, ಬ್ಯಾಟರಿ ನೆಗೆಟಿವ್‌ನಿಂದ ನೇರ ಬ್ಲಾಕ್‌ಗೆ. ಮುಲುಕುತ್ತಿದ್ದ ಸೆಲ್ಫ್ ಗರಗರ ತಿರುಗಿದರೆ ಕಳ್ಳ ಸಿಕ್ಕಿಬಿದ್ದ.

ಈ ವೈರ್ ಮರೆಯಾಗುವುದಕ್ಕೂ ಕಾರಣವಿದೆ. ಎಷ್ಟೋ ಕಾರುಗಳಲ್ಲಿ ಅದು ಗೇರ್‌ಬಾಕ್ಸ್‌ನ ಮೇಲಿನ ಬೋಲ್ಟ್‌ನಡಿ ಇರುತ್ತದೆ. ಇಳಿಸುವಾಗ ಬಿಚ್ಚಿ ಪಕ್ಕಕ್ಕೆ ಕಟ್ಟುತ್ತೀರಿ, ಎಂಜಿನ್ ಕೂತ ಮೇಲೆ ಅದು ಕಣ್ಣಿಗೇ ಬೀಳದು. ಇನ್ನು ಕೆಲವರು ಹಳೇ ಎಂಜಿನ್‌ಗೆ ಚಂದ ಕಾಣಲೆಂದು ಬಣ್ಣ ಹೊಡೆದು, ಬಣ್ಣದ ಮೇಲೇ ಅರ್ತ್ ಬಿಗಿಯುತ್ತಾರೆ. ಲಗ್ (ವೈರ್ ತುದಿಯ ಲೋಹದ ಬಳೆ) ಕೂರುವಷ್ಟು ಜಾಗ ಲೋಹ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೊಸ ವೈರ್ ಹಾಕುವುದಾದರೆ ಬ್ಯಾಟರಿ ಕೇಬಲ್‌ನಷ್ಟೇ ದಪ್ಪ, 16ರಿಂದ 25 ಚದರ ಮಿಲಿಮೀಟರ್. ಮನೆ ವೈರಿಂಗ್‌ನ ತುಂಡು ಬೇಡ.

ಸೆಲ್ಫ್ ಚೆನ್ನಾಗಿದ್ದು ಹೆಡ್‌ಲೈಟ್ ಮಂಕಾದರೆ, ಇಂಡಿಕೇಟರ್ ಜೊತೆ ಗೇಜ್ ಮುಳ್ಳು ಕುಣಿದರೆ, ಬಾಡಿಗೆ ಹೋಗುವ ಅರ್ತ್ ನೋಡಿ. ಒಂದೇ ವೈರ್‌ನ ಟೆಂಪರೇಚರ್ ಸೆನ್ಸರ್‌ಗೆ ಅದರ ಸ್ಕ್ರೂ ಥ್ರೆಡ್ಡೇ ಅರ್ತ್, ಲೀಕ್ ಆಗದಿರಲೆಂದು ಸುತ್ತುವ ಬಿಳಿ ಟೇಪ್ ಅದನ್ನೂ ಕೆಡಿಸಬಹುದು.

ಎಲ್ಲಕ್ಕೂ ಅರ್ತ್ ಕಾರಣವಲ್ಲ, ಒಪ್ಪಿದೆ. ಸ್ಟಾರ್ಟ್ ಆಗಿ ಎರಡು ಸೆಕೆಂಡ್‌ಗೆ ಆರಿದರೆ, ಅದರಲ್ಲೂ ಎಂಜಿನ್ ಜೊತೆ ಅದರ ಕಂಪ್ಯೂಟರ್ ಆದ ಇಸಿಎಂ ಕೂಡ ಬದಲಿಸಿದ್ದರೆ, ಕಳ್ಳತನ ತಡೆಯುವ ಇಮೊಬಿಲೈಸರ್ ಕೀಯನ್ನು ಗುರುತಿಸದೇ ಇರಬಹುದು. ಐಡ್ಲಿಂಗ್ ವೇಗ ಇಳಿಯದೆ ಏರಿಯೇ ಇದ್ದರೆ ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪೈಪ್ ನೋಡಿ.

ಅರ್ತ್ ಸರಿಮಾಡಿ ಎಂಜಿನ್ ಹತ್ತಿಕೊಂಡಿತೆಂದು ಹೊರಟುಬಿಡಬೇಡಿ. ಅರ್ತ್ ಇಲ್ಲದೆ ಹತ್ತು ಸಲ ಸೆಲ್ಫ್ ಹೊಡೆದಿದ್ದೀರಲ್ಲ, ಆ ಕರೆಂಟ್ ಹೋದದ್ದು ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳ ಸಣ್ಣ ತಂತಿಯಲ್ಲಿ. ಕೇಬಲ್ ಮುಟ್ಟಿದರೆ ಬಿಸಿ, ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟಿಕೊಂಡಿರಬಹುದು. ಎಂಜಿನ್ ಆಫ್ ಮಾಡಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಿ. ಪೆಡಲ್ ತಟ್ಟನೆ ಮೇಲೆ ಬರದಿದ್ದರೆ ಕೇಬಲ್ ಬದಲಿಸುವ ತನಕ ಕಾರು ರಸ್ತೆಗಿಳಿಯುವಂತಿಲ್ಲ.