13 ಹೆಸರು, 11 ಜಾಗ: ಮಳೆ ಮೋಡದ ಕೆಳಗೆ ಕೌಂಟಿ ತಂಡ ಆರಿಸುವ ಲೆಕ್ಕ

ಇಂಗ್ಲೆಂಡಿನ ಕೌಂಟಿ (ಅಲ್ಲಿನ ಜಿಲ್ಲೆಯಂಥ ಪ್ರದೇಶ) ತಂಡಗಳು ಪಂದ್ಯಕ್ಕೆ ಒಂದು ದಿನ ಮೊದಲು ಆಟಗಾರರ ಪಟ್ಟಿ ಬಿಡುತ್ತವೆ. ಅದರಲ್ಲಿ ಸರಿಯಾಗಿ 11 ಹೆಸರು ಇರುವುದು ಕಡಿಮೆ. ಸಾಮಾನ್ಯವಾಗಿ 13 ಇರುತ್ತವೆ, ಒಮ್ಮೊಮ್ಮೆ 14. ಇದು ಸ್ಕ್ವಾಡ್. ಮರುದಿನ ನಿಜವಾಗಿ ಆಡುವ 11 ಜನ ಪ್ಲೇಯಿಂಗ್ ಇಲೆವೆನ್. ನಮ್ಮ ಟಿವಿ ಕಾಮೆಂಟರಿಯಲ್ಲಿ ಈ ಎರಡೂ ಮಾತು ದಿನಾ ಕೇಳುತ್ತೇವೆ, ಹಾಗಾಗಿ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಕೌಂಟಿ ಕ್ರಿಕೆಟ್‌ನಲ್ಲಿ, ಅದರಲ್ಲೂ ಮಳೆ ಬರುವ ಸೂಚನೆ ಇದ್ದಾಗ, ಪಟ್ಟಿಯಲ್ಲಿರುವ ಆ ಎರಡು ಹೆಚ್ಚುವರಿ ಹೆಸರುಗಳು ತುಂಬ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು ಸಾಮಾನ್ಯವಾಗಿ ಸ್ಪಿನ್ನರ್‌ದು. ಇನ್ನೊಂದು ನಾಲ್ಕನೇ ಅಥವಾ ಐದನೇ ವೇಗದ ಬೌಲರ್‌ದು. ಯಾರು ಆಡಬೇಕು ಅನ್ನುವುದನ್ನು ಬೆಳಗ್ಗೆ ಆಕಾಶ ನೋಡಿ ಹೇಳುತ್ತಾರೆ.

ಯಾವಾಗಿನವರೆಗೆ ಕಾಯಬಹುದು? ಟಾಸ್‌ವರೆಗೆ. ಕ್ರಿಕೆಟ್ ನಿಯಮದ ಪ್ರಕಾರ ನಾಯಕ ಟಾಸ್‌ಗೆ ಮೊದಲೇ ತನ್ನ ಆಟಗಾರರ ಹೆಸರು ಬರೆದು ಕೊಡಬೇಕು. ಆಮೇಲೆ ಬದಲಾಯಿಸಬೇಕಾದರೆ ಎದುರಾಳಿ ನಾಯಕ ಒಪ್ಪಬೇಕು. ಟಾಸ್ ನಡೆಯುವುದು ಆಟ ಶುರುವಾಗುವುದಕ್ಕೆ 30 ನಿಮಿಷದಿಂದ 15 ನಿಮಿಷ ಮೊದಲು. ಆ 'ಶುರು' ಅಂದರೆ ನಿಗದಿಯಾದ ಸಮಯ ಆಗಿರಬಹುದು, ಮಳೆಯಿಂದ ಮುಂದಕ್ಕೆ ಹೋದ ಸಮಯವೂ ಆಗಿರಬಹುದು. ಅಂದರೆ ಬೆಳಗ್ಗೆ ಮಳೆ ಬಂದು ಆಟ ಮಧ್ಯಾಹ್ನಕ್ಕೆ ಹೋದರೆ ಟಾಸ್ ಕೂಡ ಮಧ್ಯಾಹ್ನಕ್ಕೆ ಹೋಗುತ್ತದೆ. ತಂಡದ ತೀರ್ಮಾನವೂ ಅಲ್ಲಿಯವರೆಗೆ ತೆರೆದೇ ಇರುತ್ತದೆ. ಪೂರ್ತಿ ಒಂದು ದಿನ ಹೋದರೆ ಇನ್ನೊಂದು ರಾತ್ರಿ ಯೋಚಿಸಲು ಸಿಗುತ್ತದೆ. ಅದೇ ಟಾಸ್ ಆಗಿ ಹತ್ತು ನಿಮಿಷಕ್ಕೆ ಮಳೆ ಸುರಿದರೆ ಏನೂ ಮಾಡುವ ಹಾಗಿಲ್ಲ. ಬರೆದು ಕೊಟ್ಟಿದ್ದೇ ತಂಡ.

ಇವತ್ತಿನ ಕೌಂಟಿ ಕ್ರಿಕೆಟ್‌ನಲ್ಲಿ ಮೋಡ ಕಂಡರೆ ಮೊದಲು ಹೊರಗೆ ಹೋಗುವವನು ಸ್ಪಿನ್ನರ್. ಪಿಚ್ ಕವರ್ ಕೆಳಗೆ ಇರುತ್ತದೆ, ಬಿಸಿಲು ಬೀಳುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ಒಣಗದ ಪಿಚ್ ಬಿರುಕು ಬಿಡುವುದಿಲ್ಲ. ಬಿರುಕು, ಧೂಳು ಇಲ್ಲದಿದ್ದರೆ ಚೆಂಡು ತಿರುಗುವುದು ಕಷ್ಟ. ಸ್ಪಿನ್ನರ್‌ಗೆ ಬೇಕಾದ ಮೂರನೇ, ನಾಲ್ಕನೇ ದಿನದ ಪಿಚ್ ಬರುವಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. ಇನ್ನೊಂದು ಕಡೆ ಹುಲ್ಲು, ತೇವ, ಡ್ಯೂಕ್ಸ್ ಚೆಂಡಿನ ಎದ್ದು ಕಾಣುವ ಹೊಲಿಗೆ, ಮೇಲೆ ಕವಿದ ಮೋಡ. ಗಂಟೆಗೆ 125 ಕಿಲೋಮೀಟರ್ ವೇಗದಲ್ಲಿ ಶಿಸ್ತಾಗಿ ಹಾಕುವ ಒಬ್ಬ ಸಾಧಾರಣ ಸೀಮರ್ (ಚೆಂಡಿನ ಹೊಲಿಗೆ ನೆಲಕ್ಕೆ ಬಡಿಸಿ ಅಲುಗಿಸುವ ವೇಗದ ಬೌಲರ್) ಕೂಡ ಅಲ್ಲಿ ದೊಡ್ಡ ಬೌಲರ್ ಆಗಿಬಿಡುತ್ತಾನೆ.

ಕೌಂಟಿಗಳ ನಾಲ್ಕು ದಿನದ ಲೀಗ್ ಆದ ಕೌಂಟಿ ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ ಹೆಚ್ಚಿನವು ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಬೇಸಿಗೆಯ ಒಳ್ಳೆಯ ವಾರಗಳನ್ನು ಚುಟುಕು ಕ್ರಿಕೆಟ್ ತೆಗೆದುಕೊಂಡಿದೆ. ಹೀಗಾಗಿ ಸ್ಪಿನ್ನರ್‌ಗಳು ಬೆಳೆಯುತ್ತಿಲ್ಲ ಎಂಬ ಗೊಣಗಾಟ ಅಲ್ಲಿ ಹಳೆಯದು. ಅದನ್ನು ಸರಿ ಮಾಡಲು 2016ರಿಂದ 2019ರವರೆಗೆ ಒಂದು ಪ್ರಯೋಗವೂ ನಡೆಯಿತು. ಹೊರಗಿನಿಂದ ಬಂದ ತಂಡ ಬೇಕಿದ್ದರೆ ಟಾಸ್ ಇಲ್ಲದೆಯೇ ಮೊದಲು ಬೌಲಿಂಗ್ ತೆಗೆದುಕೊಳ್ಳಬಹುದಿತ್ತು. ಆತಿಥೇಯರು ಹಸಿರು ಪಿಚ್ ಮಾಡಿದರೆ ಅದು ಅವರಿಗೇ ತಿರುಗಿಬೀಳಲಿ ಅನ್ನುವ ಉಪಾಯ. 2020ರಿಂದ ಅದನ್ನು ಕೈಬಿಟ್ಟರು.

ಹಿಂದೆ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ ಇತ್ತು. ಕೌಂಟಿ ಪಂದ್ಯಗಳಲ್ಲಿ ಪಿಚ್ ಪೂರ್ತಿ ಮುಚ್ಚುವ ನಿಯಮ ಬಂದಿದ್ದು 1981ರಲ್ಲಿ. ಅದಕ್ಕೂ ಮುಂಚೆ ಆಟದ ನಡುವೆ ಮಳೆ ಬಂದರೆ ಪಿಚ್ ನೆನೆಯುತ್ತಿತ್ತು. ಆಮೇಲೆ ಬಿಸಿಲು ಬಿದ್ದು ಮೇಲ್ಪದರ ಆರುತ್ತಾ ಬಂದಾಗ ಚೆಂಡು ಒಮ್ಮೆ ನಿಂತು ಬರುತ್ತಿತ್ತು, ಒಮ್ಮೆ ಗಂಟಲಿಗೆ ಹಾರುತ್ತಿತ್ತು. 'ಸ್ಟಿಕಿ ವಿಕೆಟ್' ಅನ್ನುವುದು ಇದಕ್ಕೇ. ಆಗ ಮಳೆ ಅಂದರೆ ಸ್ಪಿನ್ನರ್ ಕೈ ಉಜ್ಜಿಕೊಳ್ಳುತ್ತಿದ್ದ. ಕೆಂಟ್ ತಂಡದ ಡೆರೆಕ್ ಅಂಡರ್‌ವುಡ್ ಇದರಲ್ಲಿ ಎತ್ತಿದ ಕೈ. ಎಡಗೈ ಸ್ಪಿನ್ನರ್, ಆದರೆ ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಹಾಕುತ್ತಿದ್ದರು. 1973ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ನೆಂದ ಪಿಚ್ ಮೇಲೆ ಸಸೆಕ್ಸ್ ವಿರುದ್ಧ 9 ರನ್‌ಗೆ 8 ವಿಕೆಟ್ ತೆಗೆದರು. ಸಸೆಕ್ಸ್ 54ಕ್ಕೆ ಮುಗಿಯಿತು. ಕೆಂಟ್‌ನ ಆಯ್ಕೆಗಾರರಿಗೆ ಮಳೆ ಮುನ್ಸೂಚನೆ ಇದ್ದ ದಿನ ತಲೆನೋವೇ ಇರಲಿಲ್ಲ, ಅಂಡರ್‌ವುಡ್ ಹೆಸರು ಮೊದಲು ಬರೆದರೆ ಆಯಿತು.

ಮುಚ್ಚದ ಪಿಚ್ ಎಷ್ಟು ಅನ್ಯಾಯ ಮಾಡಬಹುದು ಅನ್ನುವುದಕ್ಕೆ ಬಕ್ಸ್‌ಟನ್ ಪಂದ್ಯ ಹೇಳಲೇಬೇಕು. 1975, ಡರ್ಬಿಶೈರ್ ಮತ್ತು ಲ್ಯಾಂಕಾಶೈರ್. ಶನಿವಾರ ಲ್ಯಾಂಕಾಶೈರ್ 5 ವಿಕೆಟ್‌ಗೆ 477 ಹೊಡೆಯಿತು, ಕ್ಲೈವ್ ಲಾಯ್ಡ್ ಅವರದೇ 167. ಸೋಮವಾರ, ಜೂನ್ 2ರಂದು, ಹಿಮ ಬಿತ್ತು. ಹೌದು, ಜೂನ್‌ನಲ್ಲಿ ಹಿಮ. ಆ ದಿನ ಆಟ ಇಲ್ಲ. ಮಂಗಳವಾರ ಹಿಮ ಕರಗಿದ ಪಿಚ್ ಮೇಲೆ ಡರ್ಬಿಶೈರ್ 42 ಮತ್ತು 87ಕ್ಕೆ ಆಲೌಟ್. ಇನಿಂಗ್ಸ್ ಮತ್ತು 348 ರನ್ ಸೋಲು. ಬ್ಯಾಟ್ ಮಾಡಲು ಬಂದ ಆಶ್ಲಿ ಹಾರ್ವಿ-ವಾಕರ್ ತನ್ನ ಕಟ್ಟಿಸಿದ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಅಂಪೈರ್ ಡಿಕಿ ಬರ್ಡ್ ಕೈಗೆ ಕೊಟ್ಟ, ಜಾಸ್ತಿ ಹೊತ್ತು ಇಟ್ಟುಕೊಳ್ಳಬೇಕಾಗಿಲ್ಲ ಅಂದ ಅನ್ನುವ ಕಥೆಯನ್ನು ಕೌಂಟಿ ಪ್ರೇಮಿಗಳು ಇವತ್ತಿಗೂ ಹೇಳುತ್ತಾರೆ. ಇಂಥ ಪಂದ್ಯಕ್ಕೆ ತಂಡ ಆರಿಸುವುದಾದರೂ ಹೇಗೆ? ಮೊದಲು ಬ್ಯಾಟ್ ಮಾಡಿದವರು ಬದುಕಿದರು, ಅಷ್ಟೇ.

ಈಗ ಇಂದಿನ ಲೆಕ್ಕಕ್ಕೆ ವಾಪಸ್ ಬರೋಣ. ಪಿಚ್ ಒಂದೇ ವಿಷಯವಲ್ಲ. ಸಮಯವೂ ಇದೆ. ನನಗೆ ಕೇಳಿದರೆ ಅದೇ ದೊಡ್ಡದು. ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ ದಿನಕ್ಕೆ 96 ಓವರ್. ನಾಲ್ಕು ದಿನಕ್ಕೆ 384. ಎರಡು ದಿನ ಮಳೆಗೆ ಹೋದರೆ 192 ಉಳಿಯುತ್ತದೆ. ನೀವು ಒಂದು ಇನಿಂಗ್ಸ್ 80 ಓವರ್ ಆಡಿದರೆ ಎದುರಾಳಿಯ 20 ವಿಕೆಟ್ ತೆಗೆಯಲು ಇರುವುದು 112 ಓವರ್. ಆಗುತ್ತಾ? ತಂಡ ಆರಿಸುವವರು ಹಿಂದಿನ ರಾತ್ರಿ ಕೇಳಿಕೊಳ್ಳುವ ಪ್ರಶ್ನೆ ಇದು. ಆಗುತ್ತದೆ ಅನ್ನಿಸಿದರೆ ಒಬ್ಬ ಬ್ಯಾಟರ್ ಬಿಟ್ಟು ಐದನೇ ಬೌಲರ್ ತೆಗೆದುಕೊಳ್ಳುತ್ತಾರೆ. ಆಗುವುದಿಲ್ಲ ಅನ್ನಿಸಿದರೆ ಬ್ಯಾಟಿಂಗ್ ಉದ್ದ ಮಾಡಿ ಬೋನಸ್ ಅಂಕದ ಮೇಲೆ ಕಣ್ಣು ಇಡುತ್ತಾರೆ.

ಅಂಕದ ಕಥೆ ಹೀಗಿದೆ. ಗೆಲುವಿಗೆ 16. ಮೊದಲ ಇನಿಂಗ್ಸಿನ 110 ಓವರ್ ಒಳಗೆ ಬ್ಯಾಟಿಂಗ್‌ಗೆ 5, ಬೌಲಿಂಗ್‌ಗೆ 3ರವರೆಗೆ ಬೋನಸ್. ಡ್ರಾಗೆ 2023ರಲ್ಲಿ 5 ಅಂಕ ಇತ್ತು, 2024ರಲ್ಲಿ 8 ಮಾಡಿದರು. ಐದು ಇದ್ದಾಗ ಡ್ರಾ ಅಂದರೆ ಹೆಚ್ಚುಕಡಿಮೆ ಸೋಲು. ಹಾಗಾಗಿ ಮಳೆ ಬರುವ ಮುಂಚೆ ಗೆದ್ದುಬಿಡೋಣ ಅಂತ ಬೌಲರ್‌ಗಳನ್ನು ತುಂಬಿಸುವ ಆಸೆ ಇರುತ್ತಿತ್ತು. ಎಂಟು ಆದಮೇಲೆ ಡ್ರಾ ಅರ್ಧ ಗೆಲುವು. ಕೆಳಗಿನ ಸ್ಥಾನದಲ್ಲಿ ಒದ್ದಾಡುವ ತಂಡಕ್ಕೆ ಮಳೆಯೇ 12ನೇ ಆಟಗಾರ. ಒಂದು ಅಂಕಿ ಬದಲಾಯಿಸಿದರೆ ಪಟ್ಟಿಯಲ್ಲಿ ಒಂದು ಹೆಸರು ಬದಲಾಗುತ್ತದೆ. ನನಗೇನೋ ಐದೇ ಚೆನ್ನಾಗಿತ್ತು ಅನ್ನಿಸುತ್ತದೆ.

ಫಾಲೋ-ಆನ್ ಕೂಡ ನೆನಪಿಡಬೇಕು. ನಾಲ್ಕು ದಿನದ ಪಂದ್ಯದಲ್ಲಿ 150 ರನ್ ಮುನ್ನಡೆ ಇದ್ದರೆ ಎದುರಾಳಿಯನ್ನು ಮತ್ತೆ ಬ್ಯಾಟಿಂಗ್‌ಗೆ ಇಳಿಸಬಹುದು. ಶುರುವಿನ ಎರಡು ದಿನ ಒಂದು ಚೆಂಡೂ ಆಗದಿದ್ದರೆ ಅದು 100ಕ್ಕೆ ಇಳಿಯುತ್ತದೆ. ಕಡಿಮೆ ಸಮಯದಲ್ಲೂ ಗೆಲ್ಲಲು ನೋಡುವ ತಂಡಕ್ಕೆ, ಅಂದರೆ ಹೆಚ್ಚುವರಿ ಬೌಲರ್ ಪರ, ಇದೂ ಒಂದು ಕಾರಣ.

ಇಷ್ಟೆಲ್ಲ ಇದ್ದರೂ ಸ್ಪಿನ್ನರ್‌ನ ಪರ ಒಂದು ಒಣ ಲೆಕ್ಕ ಇದೆ: ಓವರ್ ಗತಿ. ನಿಧಾನಕ್ಕೆ ಓವರ್ ಹಾಕಿದರೆ ಅಂಕ ಕಡಿತ. ನಾಲ್ವರು ಸೀಮರ್‌ಗಳೇ ದಿನವಿಡೀ ಓಡಿ ಬಂದು ಹಾಕಿದರೆ ಗಡಿಯಾರ ಹಿಂದೆ ಬೀಳುತ್ತದೆ. ಮಧ್ಯೆ ಸ್ಪಿನ್ನರ್ ಬಂದು ಹತ್ತು ಓವರ್ ಬೇಗ ಮುಗಿಸಿಕೊಟ್ಟರೆ ನಾಯಕ ಉಸಿರಾಡುತ್ತಾನೆ. ಆದರೆ ಬರೀ ಅಷ್ಟಕ್ಕೆ ಒಂದು ಜಾಗ ಕೊಡಲು ಮನಸ್ಸು ಬರುವುದಿಲ್ಲ ಅಲ್ವಾ? ಅದಕ್ಕೇ ಬ್ಯಾಟ್ ಹಿಡಿಯಬಲ್ಲ ಸ್ಪಿನ್ನರ್‌ಗೆ ಕೌಂಟಿಯಲ್ಲಿ ಬೆಲೆ ಜಾಸ್ತಿ. ಹ್ಯಾಂಪ್‌ಶೈರ್‌ನ ಲಿಯಾಮ್ ಡಾಸನ್ ಮಳೆ ಬರಲಿ, ಬಿಸಿಲು ಬರಲಿ, ತಂಡದಲ್ಲಿ ಇರುತ್ತಿದ್ದರು. ಒಂದು ಓವರ್ ಹಾಕದಿದ್ದರೂ ಅವರ ರನ್ ಬೇಕಿತ್ತು. ಆಫ್ ಸ್ಪಿನ್ನರ್ ಶೋಯಬ್ ಬಷೀರ್ ಕಥೆ ಬೇರೆ. ಇಂಗ್ಲೆಂಡ್ ಪರ ಭಾರತದಲ್ಲಿ ಟೆಸ್ಟ್ ಆಡಿ ಬಂದ ಹುಡುಗನಿಗೆ 2024ರಲ್ಲಿ ತನ್ನ ಕೌಂಟಿ ಸೊಮರ್‌ಸೆಟ್‌ನಲ್ಲೇ ಖಾಯಂ ಜಾಗ ಇರಲಿಲ್ಲ, ಅಲ್ಲಿ ಜಾಕ್ ಲೀಚ್ ಮುಂದಿದ್ದರು. ಕೊನೆಗೆ ವೂಸ್ಟರ್‌ಶೈರ್‌ಗೆ ಎರವಲು ಆಟಗಾರನಾಗಿ ಹೋಗಬೇಕಾಯಿತು. ವೂಸ್ಟರ್‌ಶೈರ್‌ನ ಪಾಡೋ, ಸೆವೆರ್ನ್ ನದಿ ಉಕ್ಕಿದರೆ ಮೈದಾನವೇ ಕೆರೆ. ಆ ವರ್ಷ ಶುರುವಿನ ಪಂದ್ಯಗಳನ್ನು ಕಿಡರ್‌ಮಿನ್‌ಸ್ಟರ್‌ಗೆ ಸಾಗಿಸಿದ್ದರು.

ಕನ್ನಡಿಗರಿಗೆ ಇಲ್ಲಿ ಅನಿಲ್ ಕುಂಬ್ಳೆ ನೆನಪಾಗುವುದು ಸಹಜ. 1995ರಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಒಂದೇ ಸೀಸನ್‌ನಲ್ಲಿ 105 ವಿಕೆಟ್. ಲೆಗ್ ಸ್ಪಿನ್ನರ್ ಇಂಗ್ಲೆಂಡಿನಲ್ಲಿ ಇಷ್ಟು ವಿಕೆಟ್ ತೆಗೆಯುವುದು ಸಣ್ಣ ಮಾತಲ್ಲ. ಆದರೆ ಆ ಬೇಸಿಗೆ ಇಂಗ್ಲೆಂಡ್ ಕಂಡ ಅತಿ ಒಣ ಬೇಸಿಗೆಗಳಲ್ಲಿ ಒಂದು ಅನ್ನುವುದನ್ನೂ ಜೊತೆಗೆ ಹೇಳಬೇಕು. ಕುಂಬ್ಳೆ ಯಾವ ಪಿಚ್ ಮೇಲೂ ಕುಂಬ್ಳೆಯೇ, ಒಪ್ಪೋಣ. ಆದರೂ ಒದ್ದೆ ವರ್ಷವಾಗಿದ್ದರೆ ಅಷ್ಟೊಂದು ಓವರ್ ಅವರ ಕೈಗೆ ಸಿಗುತ್ತಿತ್ತಾ?

ಮಳೆ ಮತ್ತು ಆಯ್ಕೆ ಎರಡೂ ಹೇಗೆ ಕೈ ಕೊಡಬಹುದು ಅನ್ನುವುದಕ್ಕೆ ನನಗೆ ಇಷ್ಟವಾದ ಪಂದ್ಯ ಸೊಮರ್‌ಸೆಟ್‌ನ ತವರು ಮೈದಾನ ಟಾಂಟನ್‌ನದು. 2019ರ ಸೆಪ್ಟೆಂಬರ್ ಕೊನೆ. ಸೊಮರ್‌ಸೆಟ್ ಅಲ್ಲಿಯವರೆಗೆ ಒಮ್ಮೆಯೂ ಚಾಂಪಿಯನ್‌ಶಿಪ್ ಗೆದ್ದಿರಲಿಲ್ಲ. ಕೊನೆಯ ಪಂದ್ಯದಲ್ಲಿ ಎಸೆಕ್ಸ್ ವಿರುದ್ಧ ಗೆಲ್ಲಲೇಬೇಕಿತ್ತು. ಎಸೆಕ್ಸ್‌ಗೆ ಸೋಲದಿದ್ದರೆ ಸಾಕು. ಮುನ್ಸೂಚನೆ ಕೆಟ್ಟದಾಗಿತ್ತು. ಈ ಸ್ಥಿತಿಯಲ್ಲಿ ಬೇರೆ ಕೌಂಟಿಯಾಗಿದ್ದರೆ ಹಸಿರು ಪಿಚ್, ನಾಲ್ಕು ಸೀಮರ್. ಸೊಮರ್‌ಸೆಟ್ ಉಲ್ಟಾ ಹೊಡೆಯಿತು. ಮೊದಲ ದಿನದಿಂದಲೇ ತಿರುಗುವ ಒಣ ಪಿಚ್, ಜೊತೆಗೆ ಎಡಗೈ ಸ್ಪಿನ್ನರ್‌ಗಳಾದ ಲೀಚ್ ಮತ್ತು ವ್ಯಾನ್ ಡರ್ ಮರ್ವ್. ಸಮಯ ಕಡಿಮೆ ಇದ್ದರೆ ವಿಕೆಟ್ ಬೇಗ ಬೀಳಬೇಕು, ಬೇಗ ಬೀಳಬೇಕಾದರೆ ಪಿಚ್ ತಿರುಗಬೇಕು. ತರ್ಕ ಸರಿಯಾಗಿಯೇ ಇತ್ತು.

ನಾಲ್ಕು ದಿನದ ಬಹುಪಾಲು ಮಳೆ ತಿಂದುಹಾಕಿತು. ಸೊಮರ್‌ಸೆಟ್ 203ಕ್ಕೆ ಮುಗಿಯಿತು. ಅದರಲ್ಲಿ ಐದು ವಿಕೆಟ್ ಎಸೆಕ್ಸ್‌ನ ಆಫ್ ಸ್ಪಿನ್ನರ್ ಸೈಮನ್ ಹಾರ್ಮರ್‌ಗೆ. ತಿರುಗುವ ಪಿಚ್ ಎದುರಾಳಿಯ ಸ್ಪಿನ್ನರ್‌ಗೂ ತಿರುಗುತ್ತದೆ. ಕೊನೆಯ ದಿನ ಎಸೆಕ್ಸ್ 1 ವಿಕೆಟ್‌ಗೆ 102 ಇದ್ದದ್ದು 141ಕ್ಕೆ ಆಲೌಟ್ ಆಯಿತು. ಆಗ ಸೊಮರ್‌ಸೆಟ್ ತನ್ನ ಎರಡನೇ ಇನಿಂಗ್ಸ್ ಆಡದೆ ಬಿಟ್ಟುಕೊಟ್ಟು ಎಸೆಕ್ಸ್‌ಗೆ 63 ರನ್ ಗುರಿ ಕೊಟ್ಟಿತು. ಉಳಿದಿದ್ದ ಸ್ವಲ್ಪ ಹೊತ್ತಿನಲ್ಲಿ ಹತ್ತು ವಿಕೆಟ್ ಬೇಕು. ಎಸೆಕ್ಸ್ 1 ವಿಕೆಟ್‌ಗೆ 45, ಪಂದ್ಯ ಡ್ರಾ, ಕಪ್ ಎಸೆಕ್ಸ್‌ಗೆ. ಅದು ಸೊಮರ್‌ಸೆಟ್‌ನ ಹಿರಿಯ ಬ್ಯಾಟರ್ ಮಾರ್ಕಸ್ ಟ್ರೆಸ್ಕೊಥಿಕ್ ನಿವೃತ್ತಿಯ ಪಂದ್ಯವೂ ಹೌದು. ಆದರೆ ಅವರು ಹನ್ನೊಂದರಲ್ಲಿ ಇರಲಿಲ್ಲ, ಕೊನೆಯಲ್ಲಿ ಬದಲಿ ಫೀಲ್ಡರ್ ಆಗಿ ಮೈದಾನಕ್ಕೆ ಬಂದರು. ಗಾಯದ ಮೇಲೆ ಉಪ್ಪು ಅನ್ನುವಂತೆ ಪಿಚ್ ಕಳಪೆ ಎಂದು ಸೊಮರ್‌ಸೆಟ್‌ಗೆ ಆಮೇಲೆ ಅಂಕ ಕಡಿತದ ಶಿಕ್ಷೆಯೂ ಬಂತು.

ನಮ್ಮ ರಣಜಿ ಟ್ರೋಫಿ ನೋಡುವವರು ಇದನ್ನು ಹಾಗೇ ತಂದು ಕರ್ನಾಟಕ ತಂಡಕ್ಕೆ ಅನ್ವಯಿಸಿದರೆ ತಪ್ಪಾಗುತ್ತದೆ. ರಣಜಿಯಲ್ಲಿ ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3 ಅಂಕ, ಇನ್ನೊಬ್ಬರಿಗೆ 1. ಹಾಗಾಗಿ ಮಳೆ ಇದ್ದರೆ ಇಲ್ಲಿನ ನಾಯಕ 20 ವಿಕೆಟ್ ಲೆಕ್ಕ ಬಿಟ್ಟು 10 ವಿಕೆಟ್ ಲೆಕ್ಕ ಹಾಕುತ್ತಾನೆ. ಒಂದು ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಹೊಡೆದರೆ ಸಾಕು, ಆರನೇ ಬ್ಯಾಟರ್‌ಗೆ ಜಾಗ ಸಿಗುತ್ತದೆ. ಕೌಂಟಿಯಲ್ಲಿ ಮುನ್ನಡೆಗೆ ಅಂತ ಬೇರೆ ಅಂಕ ಇಲ್ಲ. ಐಪಿಎಲ್ ಅಂತೂ ಇನ್ನೂ ದೂರ. ಅಲ್ಲಿ 2023ರಿಂದ ಟಾಸ್ ಆದಮೇಲೆ ತಂಡ ಹೇಳಬಹುದು, ಮೊದಲು ಬ್ಯಾಟಿಂಗ್ ಬಂದರೆ ಒಂದು ಪಟ್ಟಿ, ಬೌಲಿಂಗ್ ಬಂದರೆ ಇನ್ನೊಂದು. ಕೌಂಟಿ ನಾಯಕನಿಗೆ ಆ ಅನುಕೂಲ ಇಲ್ಲ. ನಾಣ್ಯ ಚಿಮ್ಮುವ ಮುಂಚೆಯೇ 13ರಲ್ಲಿ ಇಬ್ಬರಿಗೆ 'ಇವತ್ತು ನೀನಿಲ್ಲ' ಎಂದು ಹೇಳಿ ಮುಗಿಸಿರಬೇಕು. ಹಾಗೆ ಬಿಟ್ಟ ಇಬ್ಬರಲ್ಲಿ ಒಬ್ಬ ನೀರು, ಗ್ಲೌಸ್ ಹೊತ್ತು ಪೆವಿಲಿಯನ್‌ನಲ್ಲಿ ಉಳಿಯುತ್ತಾನೆ. ಇನ್ನೊಬ್ಬನನ್ನು ಎಷ್ಟೋ ಸಲ ಅವತ್ತೇ ಸೆಕೆಂಡ್ ಇಲೆವೆನ್ (ಕೌಂಟಿಯ ಎರಡನೇ ತಂಡ) ಪಂದ್ಯಕ್ಕೆ ಕಳಿಸಿಬಿಡುತ್ತಾರೆ, ಅಲ್ಲಿ ಮಳೆ ಇಲ್ಲದಿದ್ದರೆ.